ಗಾದಿಲಿಂಗಪ್ಪನ ರಾಣಿ ಪಾರ್ಟು

ಗಾದಿಲಿಂಗಪ್ಪ ತೀರಿಕೊಂಡ ಹನ್ನೊಂದನೆಯ ದಿನ ಅವನ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಲಿಯವರು ಬಂದದ್ದಿರಲಿ, ಹೊಸಪೇಟೆ, ಸಂಡೂರು, ಅಷ್ಟು ದೂರದ ಬಂಡ್ರಿಯಿಂದಲೂ ಜನ ಬಂಡಿ ಕಟ್ಟಿಕೊಂಡು ಬಂದಿದ್ದರು. ಅಡಿಗೆಮನೆಯ ಬಾಗಿಲ ಹಿಂದೆ ಕೂತ ಹೆಂಡತಿ ಕೊಟ್ರಬಸಮ್ಮನಿಗೆ ಅವರ ಒಂದೊಂದು ಮಾತೂ ಕೇಳಿಸುತ್ತಿತ್ತು. ಕೇಳಿದಷ್ಟೂ ಅವಳ ಹೊಟ್ಟೆ ಉರಿಯುತ್ತಿತ್ತು.

"ನಿಂತ ಗಡಿಯಾರ ಅಣ್ಣನ ಕೈಗೆ ಬಂದ್ರ ಸಾಕಿತ್ರಿ, ತಾನ ನಡೀತಿತ್ತು," ಎಂದನೊಬ್ಬ. ಇನ್ನೊಬ್ಬನ ಮುರಿದ ಕೈಗೆ ಬಿದಿರ ದಬ್ಬೆ ಕಟ್ಟಿ ಕೂಡಿಸಿದ್ದನಂತೆ. ಸಾಕಿದ ಪಾರಿವಾಳದ ಮಾತು ಬಂತು, ಹಾರ್ಮೋನಿಯಂ ಮಾತು ಬಂತು, ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕಿ ಬಾಣಂತಿಯನ್ನು ದಾಟಿಸಿದ್ದೂ ಬಂತು. ತನ್ನ ಬಟ್ಟೆ ಅಂಗಡಿಯಲ್ಲಿ ಕೂರುವುದೊಂದನ್ನು ಬಿಟ್ಟರೆ ಆ ಪುಣ್ಯಾತ್ಮ ಮಾಡದ ಕೆಲಸವಿರಲಿಲ್ಲ.

ಊರಿಗೆಲ್ಲ ಬೇಕಾದವನು, ಇಲ್ಲವೆಂದವರು ಯಾರು? ಆದರೆ ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯನ್ನು ಒಂದು ಸಲವಾದರೂ ನೆಟ್ಟಗೆ ನೋಡಿದ್ದನೇ? ಅವಳಾಡಿದ ಒಂದು ಮಾತಾದರೂ ಅವನ ಕಿವಿಗೆ ಬಿದ್ದಿತ್ತೇ? ಉಣ್ಣಲು ಕೂತಾಗಲೂ ಅವನ ಕಿವಿ ಯಾರದೋ ಗಡಿಯಾರದ ಮೇಲೆ. ಕೊಟ್ರಬಸಮ್ಮನನ್ನು ಹನ್ನೊಂದು ದಿನ ಕೊರೆದದ್ದು ಇದೊಂದೇ. ಅದಕ್ಕೇ ಅವಳಿಗೆ ಅಳುವೂ ಬಂದಿರಲಿಲ್ಲ.

ಅಷ್ಟರಲ್ಲಿ ಬಯಲಾಟದಲ್ಲಿ ರಾಜನಾಗುತ್ತಿದ್ದ ಪಾಲಯ್ಯ ಗಂಟಲು ಸರಿಮಾಡಿಕೊಂಡ. ಅವಳು ಮುಖ ಸಿಂಡರಿಸಿದಳು. ಆಟವೆಂದರೆ ಅವಳಿಗೆ ಮೊದಲಿನಿಂದ ಆಗದು. ಗಂಡ ರಾಣಿ ಪಾರ್ಟು ಕಟ್ಟುತ್ತಿದ್ದ. ಗಂಡನ ಹೆಣ್ಣುವೇಷವನ್ನು ಹೆಂಡತಿ ನೋಡಬಾರದು, ಮನೆಗೆ ಒಳ್ಳೆಯದಲ್ಲ ಎಂದು ಅತ್ತೆ ಮುದುಕಮ್ಮ ಕಟ್ಟಪ್ಪಣೆ ಮಾಡಿದ್ದಳು. ಹೀಗಾಗಿ ಅವನು ವೇಷಕ್ಕೆ ಉಡುತ್ತಿದ್ದ ಅವಳ ಹಸಿರು ಇಳಕಲ್ ಸೀರೆ ಹತ್ತೂರಿನ ಆಟ ನೋಡಿಬಂದಿತ್ತು, ಅವಳು ಮಾತ್ರ ಒಂದನ್ನೂ ನೋಡಿರಲಿಲ್ಲ.

"ಅದೆಲ್ಲಾ ಇರ್ಲಿ. ಅವನ ರಾಣಿ ಪಾರ್ಟು ಮರೀಲಿಕ್ಕೆ ಆಗತೈತೇನು?" ಎಂದ ಪಾಲಯ್ಯ. "ರಾಜ ದಂಡು ಕಟ್ಟಿಕೊಂಡು ಹೊಂಟು ನಿಂತಾನ. ಬ್ಯಾರೆ ರಾಣಿಗಳು ಅಳ್ತಾರ, ಕಾಲು ಹಿಡೀತಾರ. ನಮ್ಮ ರಾಣಿ ಅಳಂಗಿಲ್ಲ. ಎಡಗೈ ಬಳಿ ಮ್ಯಾಲಕ ದೂಡ್ಕೊಂತಾಳ, ನನ್ನ ಮಾರಿ ನೋಡಂಗಿಲ್ಲ. ನೆಲ ನೋಡ್ಕೊಂತ, 'ಹೋಗಿ ಬರ್ರಿ. ಊರು ನಿಮ್ದು, ಮನಿ ನಂದು' ಅಂತಾಳ. ಪುಸ್ತಕದಾಗ ಆ ಮಾತಿಲ್ಲ. ಎಲ್ಲಿಂದ ತಂದ್ಯೋ ಅಂದ್ರ ಸುಮ್ನ ನಗತಿದ್ದ. ಜನ ಒನ್ಸ್ ಮೋರ್ ಅಂತ ಕೂಗ್ತಿದ್ರು."

ಕೊಟ್ರಬಸಮ್ಮ ಬಾಗಿಲ ಸಂದಿಗೆ ಸರಿದು ಕೂತಳು. ಗಂಡ ಹೊಸ್ತಿಲು ದಾಟುವಾಗಲೆಲ್ಲ ಸಿಟ್ಟಿನಿಂದ ಅವಳೇ ಆಡುತ್ತಿದ್ದ ಮಾತದು. ಬಳೆ ದೂಡುವುದೂ ಅವಳದೇ. ಅವನು ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿ ಹೋಗಿಬಿಡುತ್ತಿದ್ದನಲ್ಲ?

ಪಕ್ಕದಲ್ಲಿದ್ದ ನೆರೆಮನೆಯ ಹಂಪಕ್ಕನ ತೋಳು ಹಿಡಿದಳು. "ಹೌದೇನ ಯಕ್ಕಾ?"

"ನೀನ ನಿಂತಂಗ ಇರ್ತಿತ್ತವ್ವ. ನಡಿಗಿ ಸೈತ ನಿಂದ. ಊರಿಗೆಲ್ಲಾ ಗೊತ್ತೈತಿ."

"ನನಗೊಬ್ಬಾಕಿಗೆ ಯಾಕ ಹೇಳಲಿಲ್ಲ?"

"ಆಟದ ಸುದ್ದಿ ನಿನ್ನ ಮುಂದ ಎತ್ತಬ್ಯಾಡ ಅಂದಿದ್ಳು ನಿಮ್ಮತ್ತಿ."

ಹನ್ನೊಂದು ದಿನ ಬಾರದ ಅಳು ಆಗ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಕಳ್ಳ, ಎಲ್ಲ ನೋಡಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಹತ್ತೂರಿಗೆ ತೋರಿಸಿದ್ದನ್ನು ಮನೆಯಲ್ಲಿ ಒಂದು ದಿನ ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿಬಂತು.

ಉಂಡ ಜನ ಎದ್ದರು. ಸಾವಿನ ಮನೆಯಿಂದ ಹೊರಡುವವರು ಬರ್ತೀವಿ ಎನ್ನುವಂತಿಲ್ಲ, ಮನೆಯವರು ಹೋಗಿ ಬನ್ನಿ ಎನ್ನುವಂತಿಲ್ಲ. ತಲೆ ತಗ್ಗಿಸಿ ಒಬ್ಬೊಬ್ಬರೇ ಚಪ್ಪಲಿ ಹುಡುಕುತ್ತಿದ್ದಾಗ ಕೊಟ್ರಬಸಮ್ಮ ಪಡಸಾಲೆಗೆ ಬಂದು ನಿಂತಳು. ಬಲಗೈ ತಾನಾಗಿ ಎಡ ಮುಂಗೈಗೆ ಹೋಗಿ, ಅಲ್ಲಿಲ್ಲದ ಬಳೆಗಳನ್ನು ಮೇಲಕ್ಕೆ ದೂಡಿತು.

"ಹೋಗಿ ಬರ್ರಿ," ಎಂದಳು ನೆಲ ನೋಡುತ್ತ. "ಊರು ನಿಮ್ದು, ಮನಿ ನಂದು."

ಪಾಲಯ್ಯನ ಒಂದು ಕಾಲು ಚಪ್ಪಲಿಯಲ್ಲಿತ್ತು. ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ.