ಬರೀ ಪ್ರಸ್ತಾವವಂತೆ

ಮೈ ತಿಕ್ಕುವವಳ ಹತ್ತಿರ ಯಾರೂ ಸುಳ್ಳು ಹೇಳುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಎಂಥ ಪೆದ್ದಿ ನೋಡಿ. ಮೈಮೇಲೆ ಒಂದು ನೂಲೂ ಇಲ್ಲದೆ ಮೇಜಿನ ಮೇಲೆ ಮಲಗಿ, ಕಂಕುಳಿನಿಂದ ಕಾಲ್ಬೆರಳ ಸಂದಿಯವರೆಗೆ ನನ್ನ ಕೈಗೆ ಒಪ್ಪಿಸಿದವರು ಇನ್ನೇನನ್ನು ಮುಚ್ಚಿಟ್ಟಾರು ಎಂದು ನನ್ನ ಎಣಿಕೆ. ಗಂಡನ ಕುಡಿತ, ಸೊಸೆಯ ಸಿಡುಕು, ಮೂಲವ್ಯಾಧಿ, ಮಗಳ ಮುರಿದ ನಿಶ್ಚಿತಾರ್ಥ, ಎಲ್ಲ ಈ ಕಿವಿಯ ಮೇಲೆ ಬಿದ್ದಿವೆ. ಡೇಜಾನ್ ಊರಿನ ನಮ್ಮ ಹೆಂಗಸರ ಸ್ನಾನಮನೆಯಲ್ಲಿ ಹನ್ನೊಂದು ವರ್ಷ ತಿಕ್ಕಿದ್ದೇನೆ. ಈ ಓಕ್‌ಬುನ್ ಕೈ ಮುಟ್ಟದ ಬೆನ್ನು ನಮ್ಮ ಬೀದಿಯಲ್ಲಿ ಇರಲಿಲ್ಲ.

ಆದರೆ ಮೇಜು ನನ್ನದಲ್ಲ. ಸ್ನಾನಮನೆಯ ಯಜಮಾನಿ ಬಾಂಗ್‌ಗೆ ದೊಡ್ಡ ಮೊತ್ತದ ಠೇವಣಿ ಕೊಟ್ಟವಳೇ ಮೇಜಿನ ಒಡತಿ. ಅವಳ ಕೈಕೆಳಗೆ ತಿಕ್ಕುವವಳಿಗೆ ಅರ್ಧ ಕೂಲಿ. ಹನ್ನೊಂದು ವರ್ಷ ನಾನು ದುಡಿದದ್ದು ಆ ಅರ್ಧಕ್ಕೆ. ಆ ಸಲ ಎಲೆ ಉದುರುವ ಹೊತ್ತಿಗೆ ನಮ್ಮ ಒಡತಿಗೆ ಮಂಡಿ ಕೈಕೊಟ್ಟಿತು, ಮಗನ ಊರಿಗೆ ಹೋಗುತ್ತೇನೆಂದಳು. ಚಾಂದ್ರ ಹೊಸವರ್ಷದ ಹಬ್ಬದೊಳಗೆ ಠೇವಣಿ ತಂದವರಿಗೆ ಮೇಜು ಎಂದು ಬಾಂಗ್ ಸಾರಿದಳು.

"ಮೊದಲ ಹಕ್ಕು ನಿಂದೇ, ಓಕ್‌ಬುನ್," ಅಂದಳು. "ಆದ್ರೆ ನಂಬಿಕೊಂಡು ಕೂತಿರ್ಬೇಡ. ಯಾನ್ಬಿಯನ್ ಕಡೆಯಿಂದ ಬಂದಿದಾಳಲ್ಲ ಚುನ್ಹ್ವಾ, ಅವಳೂ ಕೇಳ್ತಿದಾಳೆ."

ಐವತ್ತನಾಲ್ಕರ ವಯಸ್ಸಿನಲ್ಲಿ ಇನ್ನೊಂದು ಮೇಜು ನನ್ನನ್ನು ಹುಡುಕಿಕೊಂಡು ಬರುವುದಿಲ್ಲ. ನನ್ನ ಉಳಿತಾಯ ಠೇವಣಿಯ ಅರ್ಧಕ್ಕೆ ಬಂದು ನಿಂತಿತ್ತು. ಉಳಿದದ್ದು ಎಲ್ಲಿಂದ ಬರಬೇಕು, ಆಕಾಶದಿಂದ ಉದುರಬೇಕೇ? ಆಗಲೇ ತೇಹಾನ ಅಮ್ಮ ನನಗೆ ಕಾಯಿನ್ ಹೇಳಿಕೊಟ್ಟದ್ದು, ಫೋನಿನಲ್ಲೇ ಕೊಂಡು ಫೋನಿನಲ್ಲೇ ಮಾರುವ, ಕೈಗೆ ಸಿಗದ ನಾಣ್ಯ.

ಅವಳ ಮಗನ ಹೆಸರು ತೇಹಾ, ಹಾಗಾಗಿ ಊರಿಗೆಲ್ಲ ಅವಳು ತೇಹಾನ ಅಮ್ಮ. ನನಗೆ ಅಕ್ಕ. ಹೊಟ್ಟೆಯ ಆಪರೇಷನ್ ಆಗಿ ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನನ್ನ ಸ್ವಂತ ತಂಗಿ ಫೋನಿನಲ್ಲೇ ಅತ್ತು ಮುಗಿಸಿದಳು. ಇವಳು ಮೂರು ದಿನ ಕಡಲಪಾಚಿಯ ಸಾರು ಮಾಡಿ ಬುತ್ತಿಯಲ್ಲಿ ತಂದು ಕುಡಿಸಿದಳು. ಅಂಥವಳನ್ನು ಅಕ್ಕ ಎನ್ನದೆ ಮತ್ತೇನೆನ್ನಲಿ? ಅವಳ ಗಂಡ ಸೇಜೊಂಗ್‌ನ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ, ಹಣದ ಕಾನೂನುಗಳನ್ನು ಬರೆಯುವ ಕಡೆ. ಅಂಥ ಮನೆಯವಳೇ ಕಾಯಿನ್ ಕೊಂಡಿದ್ದಾಳೆ ಎಂದ ಮೇಲೆ ನನಗಿನ್ನೇನು ಭಯ? ಫೋನಿನಲ್ಲಿ ಖಾತೆ ತೆರೆದುಕೊಟ್ಟವಳು ಅವಳೇ, ಎಲ್ಲಿ ಒತ್ತಬೇಕು ಎಂದು ತೋರಿಸಿದವಳೂ ಅವಳೇ.

ಉಳಿತಾಯವನ್ನೆಲ್ಲ ಅದಕ್ಕೇ ಹಾಕಿದೆ. ಏರಿತು ನೋಡಿ. ಚಳಿಗಾಲಕ್ಕೆಂದು ಕಿಮ್ಚಿ ಉಪ್ಪಿನಕಾಯಿ ಹಾಕುವ ತಿಂಗಳಿಗೆ ಒಂದೂವರೆಯಷ್ಟಾಯಿತು, ಜನವರಿಯ ಮೊದಲ ವಾರಕ್ಕೆ ಎರಡರಷ್ಟು ದಾಟಿತು. ಮೇಜಿನ ಠೇವಣಿ ನನ್ನ ಫೋನಿನೊಳಗೆ ಪೂರ್ತಿಯಾಗಿ ಕೂತಿತ್ತು. ತೆಗೆದು ಬಾಂಗ್‌ಳ ಕೈಗೆ ಹಾಕುವುದೊಂದೇ ಬಾಕಿ.

ಆ ಮಂಗಳವಾರ ಅಕ್ಕ ಹತ್ತು ಗಂಟೆಗೆ ಬಂದಳು. ಬಿಸಿನೀರಿನ ತೊಟ್ಟಿಯಲ್ಲಿ ನೆನೆದು ಮೇಜಿನ ಮೇಲೆ ಅಂಗಾತ ಮಲಗಿದಳು. ನಾನು ಕೈಗೆ ಹಸಿರು ಗವಸು ಹಾಕಿಕೊಂಡು ತೋಳಿನಿಂದ ಶುರುಮಾಡಿದೆ.

"ಅಕ್ಕ, ಟೀವಿಯಲ್ಲಿ ದಿನಾ ಏನೇನೋ ಹೇಳ್ತಿದಾರೆ. ಸರ್ಕಾರ ಕಾಯಿನ್ ನಿಲ್ಲಿಸಿಬಿಡುತ್ತಂತೆ. ನಂಗೆ ಬೇಕಾದಷ್ಟು ಬಂದಿದೆ, ತೆಗೆದುಬಿಡ್ಲಾ?"

ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. "ಏನು ಅವಸರ ನಿಂಗೆ? ಹಬ್ಬಕ್ಕೆ ಇನ್ನೂ ಒಂದು ತಿಂಗಳ ಮೇಲಿದೆ. ಮಾರಬೇಡ. ಇನ್ನೂ ಏರುತ್ತೆ."

"ನಿಮ್ಮನೆಯವರು ಏನಂತಾರೆ?"

"ಅವರು ಏನಂತಾರೆ, ಏನೂ ಆಗಲ್ಲ ಅಂತಾರೆ. ಟೀವಿಯವರಿಗೆ ಬೇರೆ ಕೆಲಸ ಇಲ್ಲ. ಆ ಮೊಣಕೈ ಹತ್ತಿರ ಇನ್ನೊಂದ್ಸಲ ತಿಕ್ಕು."

ತಿಕ್ಕಿದೆ. ಖುಷಿಗೆ ಅವಳ ಮುಖಕ್ಕೆ ಸೌತೆಕಾಯಿಯನ್ನೂ ತುರಿದು ಹಚ್ಚಿದೆ, ಪುಕ್ಕಟೆ. ಸಂಜೆ, ನಮ್ಮ ಪಡಸಾಲೆಯಲ್ಲಿ ಬೇಯಿಸಿದ ಮೊಟ್ಟೆ ಮಾರುವ ಪಿಲ್ನ್ಯೊ ಅಜ್ಜಿಗೂ ಮಾರಬೇಡ ಎಂದು ಹೇಳಿದೆ. ನನ್ನ ಮಾತು ಕೇಳಿಕೊಂಡು ಅವಳೂ ಸ್ವಲ್ಪ ಹಾಕಿದ್ದಳು.

ಗುರುವಾರ ಮಧ್ಯಾಹ್ನ ನಾನು ಒಬ್ಬ ದಪ್ಪನೆಯ ಹೆಂಗಸಿನ ಬೆನ್ನು ಅರ್ಧ ಮುಗಿಸಿದ್ದೆ. ಪಿಲ್ನ್ಯೊ ಅಜ್ಜಿ ಸ್ವೆಟರು, ಕಾಲುಚೀಲದ ಸಮೇತ ನೀರಿನ ಕೋಣೆಯೊಳಗೆ ಬಂದುಬಿಟ್ಟಳು. ಬಟ್ಟೆ ಹಾಕಿಕೊಂಡು ಅಲ್ಲಿಗೆ ಯಾರೂ ಬರುವುದಿಲ್ಲ, ಬೆಂಕಿ ಬಿದ್ದರೆ ಮಾತ್ರ. ಅವಳ ಕಾಲುಚೀಲದಿಂದ ನೀರು ಸೋರುತ್ತಿತ್ತು.

"ಓಕ್‌ಬುನ್, ಮಂತ್ರಿ ಹೇಳ್ಬಿಟ್ಟ ಕಣೇ. ಕಾಯಿನ್ ಅಂಗಡಿಗಳನ್ನೆಲ್ಲ ಮುಚ್ಚಿಸ್ತಾರಂತೆ. ಕಾನೂನು ತರ್ತಾರಂತೆ."

ಗವಸು ಕಿತ್ತೆಸೆದು ಓಡಿದೆ. ಬೀರುವಿನಿಂದ ಫೋನು ತೆಗೆದು ಹೆಬ್ಬೆರಳು ಒತ್ತಿದರೆ ತೆರೆಯುತ್ತಿಲ್ಲ. ನಮ್ಮ ಕಸುಬಿನವರ ಬೆರಳು ನೀರಲ್ಲಿ ನೆನೆದು, ಉಜ್ಜಿ ಉಜ್ಜಿ, ಗೆರೆಯೆಲ್ಲ ಮಾಸಿಹೋಗಿರುತ್ತದೆ. ಫೋನಿಗೆ ನನ್ನ ಗುರುತೇ ಹತ್ತಲಿಲ್ಲ. ಅಂಕಿ ಒತ್ತಿದರೆ ತಪ್ಪು, ಮತ್ತೆ ತಪ್ಪು. ತೆರೆದುಕೊಳ್ಳುವಷ್ಟರಲ್ಲಿ ಕಣ್ಣೆದುರೇ ಇಳಿಯುತ್ತಿತ್ತು. ನಾಳೆ ಅಂಗಡಿಯೇ ಇರುವುದಿಲ್ಲ, ಸಿಕ್ಕಷ್ಟಾದರೂ ಸಿಗಲಿ ಎಂದು ಅಷ್ಟನ್ನೂ ಮಾರಿದೆ. ಸಿಕ್ಕಿದ್ದು ನಾನು ಶುರುವಿನಲ್ಲಿ ಹಾಕಿದ್ದಕ್ಕಿಂತ ಕಡಿಮೆ. ಒಳಗಿನಿಂದ ಆ ಹೆಂಗಸು ಕೂಗುತ್ತಲೇ ಇದ್ದಳು, "ಏನಮ್ಮಾ, ನನ್ನ ಇನ್ನರ್ಧ ಬೆನ್ನು ಯಾರು ತಿಕ್ಕಬೇಕು?"

ಸಂಜೆ ಐದಕ್ಕೆ ಟೀವಿಯಲ್ಲಿ ಸರ್ಕಾರದ ಇನ್ನೊಬ್ಬ ಬಂದ. ಯಾವುದೂ ತೀರ್ಮಾನವಾಗಿಲ್ಲವಂತೆ. ಅದು ಬರೀ ಒಂದು ಪ್ರಸ್ತಾವವಂತೆ. ಅವನ ಮಾತು ಮುಗಿಯುವ ಮೊದಲೇ ಬೆಲೆ ಮತ್ತೆ ಮೇಲಕ್ಕೆ ಹೊರಟಿತು. ನಾನು ಮಾರಿ ನಾಲ್ಕು ಗಂಟೆಯಾಗಿತ್ತು. ಇವರು ಮಧ್ಯಾಹ್ನ ಒಂದು ಬಾಯಿಯಲ್ಲಿ ಕೊಂದು ಸಂಜೆ ಇನ್ನೊಂದು ಬಾಯಿಯಲ್ಲಿ ತಮಾಷೆಗೆ ಅಂದೆವು ಎನ್ನುತ್ತಾರೆ.

ಮರುದಿನ ಬೆಚ್ಚನೆಯ ಪಡಸಾಲೆಯಲ್ಲಿ ಬೇರೆ ಮಾತೇ ಇಲ್ಲ. ಒಬ್ಬಳ ಮಗ ಸಿಟ್ಟಿನಲ್ಲಿ ಕೈತೊಳೆಯುವ ಬೇಸಿನ್ ಒಡೆದುಹಾಕಿದ್ದ. ಇನ್ನೊಬ್ಬಳ ಅಳಿಯ ಊಟ ಬಿಟ್ಟು ಮಲಗಿದ್ದ. ರಿಟೈರಾದ ಟೀಚರಮ್ಮ ಮಾತ್ರ ಬಿಸಿನೆಲದ ಮೇಲೆ ಕಾಲು ಚಾಚಿಕೊಂಡು, "ಜೂಜು ತಾನೇ, ಮುಚ್ಚಿದ್ರೆ ಒಳ್ಳೇದೇ ಆಯ್ತು," ಅಂದಳು.

"ನಿಮಗೆ ಮೂರು ಅಪಾರ್ಟ್‌ಮೆಂಟ್ ಇದೆ ಟೀಚರಮ್ಮ," ಅಂದೆ. "ನಿಮ್ಮ ಮನೆ ಬೆಲೆ ಏರಿದ್ರೆ ಜಾಣತನ, ನಮ್ಮ ಕಾಯಿನ್ ಏರಿದ್ರೆ ಜೂಜು."

ಪಿಲ್ನ್ಯೊ ಅಜ್ಜಿ ಕಂದು ಮೊಟ್ಟೆ ಸುಲಿಯುತ್ತ ಯಾರಿಗೆ ಎಂದಿಲ್ಲದೆ ಹೇಳಿದಳು: "ದೇಶ ದಿವಾಳಿ ಆದಾಗ ಸಾಲ ತೀರಿಸೋಕೆ ಚಿನ್ನ ಕೊಡಿ ಅಂದ್ರು. ಮದುವೆ ಉಂಗುರ ಸೋಪು ಹಚ್ಚಿ ಎಳೆದು ಕೊಟ್ಟೆ. ಆಗ ನಾವು ದೇಶಭಕ್ತರು. ಈಗ ಜೂಜುಕೋರರು." ನನ್ನ ಕಡೆ ತಿರುಗಿ ಒಂದು ಮಾತೂ ಅನ್ನಲಿಲ್ಲ ಅವಳು. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಸರ್ಕಾರದ ವೆಬ್‌ಸೈಟಿನಲ್ಲಿ ಮನವಿಯೊಂದು ಓಡುತ್ತಿತ್ತು: ನಿಷೇಧ ಬೇಡ, ಜನರ ಜೊತೆ ಆಟವಾಡಿದವರು ಉತ್ತರ ಕೊಡಲಿ ಎಂದು. ಸಹಿ ಎರಡು ಲಕ್ಷ ದಾಟಿದರೆ ಸರ್ಕಾರ ಬಾಯಿ ಬಿಡಲೇಬೇಕು. ಸ್ನಾನಮನೆಯ ಸಹಿಯ ಜವಾಬ್ದಾರಿ ನಾನೇ ಹೊತ್ತೆ. ಇಲ್ಲಿ ಆವಿಗೆ ಕನ್ನಡಕ ಮಂಜಾಗುತ್ತದೆಂದು ಎಲ್ಲರೂ ಅದನ್ನು ಬೀರುವಿನಲ್ಲೇ ಬಿಟ್ಟು ಬರುತ್ತಾರೆ, ಫೋನಿನ ಅಕ್ಷರ ಕಾಣುವುದಿಲ್ಲ. ಮೈ ತಿಕ್ಕುವವಳ ಕೈಗೆ ಮೈಯನ್ನೇ ಕೊಟ್ಟವರಿಗೆ ಫೋನು ಕೊಡುವುದೇನು ದೊಡ್ಡದು. "ನೀನೇ ಒತ್ತಿಬಿಡು, ಓಕ್‌ಬುನ್," ಎಂದು ಒಬ್ಬೊಬ್ಬರೇ ಕೊಟ್ಟರು. ನಾನು ಪಡಸಾಲೆಯಲ್ಲಿ ಕೂತು ಒತ್ತಿದೆ. ಸಂದೇಶದಲ್ಲಿ ಒಂದು ಸಂಖ್ಯೆ ಬರುತ್ತದೆ, ಅದನ್ನು ನೋಡಿ ತುಂಬಿದರೆ ಸಹಿ ಆದಂತೆ.

ಶನಿವಾರ ಅಕ್ಕ ಬಂದಳು. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡಳು. ಎಲ್ಲರಿಗೂ ಅಕ್ಕಿಯ ಪಾನಕ ಕೊಡಿಸಿದಳು. "ನಂಬಿಸಿ ಕತ್ತು ಕೊಯ್ದುಬಿಟ್ರು," ಅಂದಳು, ಎಲ್ಲರಿಗಿಂತ ಜೋರಾಗಿ. "ನಮ್ಮನೆಯವರಿಗೂ ಗೊತ್ತಿರ್ಲಿಲ್ಲ ಅಂದ್ರೆ ನೋಡಿ, ಇವರು ಎಂಥ ಜನ. ನಂದೂ ಎಲ್ಲ ಹೋಯ್ತು." ಹೆಂಗಸರು ಚ್ಚುಚ್ಚು ಎಂದರು. ನನಗೂ ಪಾಪ ಎನ್ನಿಸಿತು. ನಾನು ಅವಳ ಕೈ ಹಿಸುಕಿದೆ, ನಿಜವಾಗಿ ಹೇಳುತ್ತೇನೆ, ನಾನೇ ಸಮಾಧಾನ ಹೇಳಿದೆ.

"ನಂದೂ ಸಹಿ ಹಾಕಿಬಿಡು," ಎಂದು ಫೋನು ತೆರೆದು ನನ್ನ ಕೈಗಿಟ್ಟು ತೊಟ್ಟಿಗೆ ಹೋದಳು. ಹೆಸರು ತುಂಬಿದೆ. ಸಂಖ್ಯೆ ಬಂದ ಸದ್ದಾಯಿತು. ಸಂದೇಶ ತೆರೆದೆ. ಅದರ ಕೆಳಗೆ ಕಾಯಿನ್ ಅಂಗಡಿಯ ಸಂದೇಶ ಇತ್ತು. ನಿಮ್ಮ ಎಲ್ಲ ಕಾಯಿನ್‌ಗಳು ಮಾರಾಟವಾಗಿವೆ. ಮಂಗಳವಾರ, ಬೆಳಿಗ್ಗೆ ಒಂಬತ್ತು ಹದಿನಾಲ್ಕು.

ಮಂಗಳವಾರ ಒಂಬತ್ತು ಹದಿನಾಲ್ಕಕ್ಕೆ ಮಾರಿ, ಹತ್ತಕ್ಕೆ ಬಂದು ನನ್ನ ಮೇಜಿನ ಮೇಲೆ ಮಲಗಿದ್ದಾಳೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತು ಎಷ್ಟೋ ಸಲ ಆಡಿದ್ದೇನೆ, ಅದು ನನ್ನ ಹೊಲ ಎಂದು ಗೊತ್ತಾದದ್ದು ಆಗ. ಆದರೂ ಆ ಸಂಖ್ಯೆಯನ್ನು ತುಂಬಿದೆ, ಸಹಿ ಹಾಕಿದೆ, ಫೋನು ಅವಳ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಳಗೆ ಹೋಗುವಷ್ಟರಲ್ಲಿ ಅವಳು ಮೇಜಿನ ಮೇಲಿದ್ದಳು.

ಎದೆ, ಹೊಟ್ಟೆ, ತೊಡೆ ಮುಗಿಸಿದೆ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

"ಅಕ್ಕ, ಮಂಗಳವಾರ ನಾನು ನಿನ್ನ ಒಂದು ಮಾತು ಕೇಳಿದ್ದೆ."

"ಯಾವ ಮಾತು?"

"ಮಾರ್ಲಾ ಅಂತ. ನೀನು ಇಲ್ಲಿಗೆ ಬರೋ ಮುಕ್ಕಾಲು ಗಂಟೆ ಮೊದಲೇ ಮಾರಿಬಿಟ್ಟಿದ್ದೆ."

ಅವಳ ತೊಡೆ ಬಿಗಿಯಾದದ್ದು ನನ್ನ ಅಂಗೈಗೆ ಗೊತ್ತಾಯಿತು. ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ಇಲ್ಲ ಎಂದು ವಾದಿಸಲಿಲ್ಲ, ಅಷ್ಟು ಮಾತ್ರ ಅವಳ ಪುಣ್ಯ.

"ನಿಂಗೆ ಹೇಳಿದ್ರೆ ನೀನು ಸಂಜೆಯೊಳಗೆ ಇಡೀ ಸ್ನಾನಮನೆಗೆ ಹೇಳ್ತಿದ್ದೆ," ಅಂದಳು ಮೆಲ್ಲಗೆ. "ನಮ್ಮನೆಯವರ ಕೆಲಸ ಹೋಗ್ತಿತ್ತು. ಜೈಲಾಗ್ತಿತ್ತು."

"ಹೌದು, ಹೇಳ್ತಿದ್ದೆ. ಪಿಲ್ನ್ಯೊ ಅಜ್ಜಿಗೆ ಮೊದಲು ಹೇಳ್ತಿದ್ದೆ. ಆಯ್ತು, ನೀನು ಹೇಳ್ಬೇಡ. ಗೊತ್ತಿಲ್ಲ ಅನ್ನಬಹುದಿತ್ತಲ್ಲ. ಮಾರಬೇಡ ಅಂತ ಯಾಕಂದೆ?"

"ಗೊತ್ತಿಲ್ಲ ಅಂದಿದ್ರೆ ನೀನು ನನ್ನ ಮುಖ ನೋಡಿ ತಿಳ್ಕೊಂಡ್ಬಿಡ್ತಿದ್ದೆ. ಹನ್ನೊಂದು ವರ್ಷದಿಂದ ನೋಡ್ತಿದೀಯ. ನನಗೆ ಭಯ ಆಯ್ತು ಕಣೇ."

ನಾನು ಮುಖ ಓದುವಷ್ಟು ಹತ್ತಿರದವಳೆಂದೇ ಅವಳು ನನ್ನ ಮೇಜು ಕಳೆದಿದ್ದಳು. ನಾನು ಗುರುತಿಲ್ಲದ ಯಾರೋ ಆಗಿದ್ದರೆ ಇಷ್ಟೊತ್ತಿಗೆ ಒಡತಿಯಾಗಿರುತ್ತಿದ್ದೆ.

ಅವಳು ಒದ್ದೆ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. "ಮೇಜಿಗೆ ಎಷ್ಟು ಕಡಿಮೆ ಬೀಳುತ್ತೆ ಹೇಳು. ನಾನು ಕೊಡ್ತೀನಿ. ಸಾಲ ಅಲ್ಲ, ಹಾಗೇ ಕೊಡ್ತೀನಿ. ಸೋಮವಾರವೇ ಬಾಂಗ್‌ಗೆ ಕಟ್ಟಿಬಿಡು. ಈ ಮಾತು ಮಾತ್ರ ಇಲ್ಲೇ ಮುಗೀಲಿ."

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಕೆಳಗೆ ಬಿರುಕು ಬಿಟ್ಟ ಗುಲಾಬಿ ಬಣ್ಣದ ಹೊದಿಕೆಯ ಆ ಮೇಜನ್ನು ನೋಡಿದೆ. ಪೂರ್ತಿ ಕೂಲಿ. ನನ್ನ ಕೈಕೆಳಗೆ ಒಬ್ಬಳು. ಬೆನ್ನು ನೋಯುವ ದಿನ ಮನೆಯಲ್ಲಿ ಮಲಗಬಹುದು. ಹೂಂ ಎಂದರೆ ಸಾಕಿತ್ತು.

ಅಷ್ಟರಲ್ಲಿ ಬಾಂಗ್ ಬಾಗಿಲು ಸರಿಸಿ ತಲೆ ಹಾಕಿದಳು. "ಓಕ್‌ಬುನ್, ಚುನ್ಹ್ವಾ ದುಡ್ಡು ಹಿಡ್ಕೊಂಡು ಬಂದು ಕೂತಿದಾಳೆ. ನಿಂಗಾಗುತ್ತಾ ಇಲ್ವಾ, ಈಗ್ಲೇ ಹೇಳಿಬಿಡು. ನಿನ್ನ ಕೇಳ್ದೆ ಅವಳ ಕೈಯಿಂದ ತಗೊಳಲ್ಲ ನಾನು."

ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. ಅಕ್ಕ ತಲೆಯಾಡಿಸುತ್ತಿದ್ದಳು, ಹೂಂ ಅನ್ನು ಎಂಬಂತೆ. ಪಡಸಾಲೆಯಲ್ಲಿ ಪಿಲ್ನ್ಯೊ ಅಜ್ಜಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

"ಚುನ್ಹ್ವಾಗೇ ಕೊಡಿ," ಅಂದೆ. "ನನ್ನಿಂದಾಗಲ್ಲ."

ಬಾಂಗ್ ಬಾಗಿಲು ಎಳೆದುಕೊಂಡಳು. ನಾನು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಚೊಂಬಿನಲ್ಲಿ ಬೆಚ್ಚನೆಯ ನೀರು ತುಂಬಿ ಅವಳ ಮೈಮೇಲೆ ಸುರಿದೆ. ಅರ್ಧ ಮುಗಿದಿತ್ತು, ಇನ್ನರ್ಧ ಇತ್ತು.

"ಮಗ್ಗುಲಾಗಿ, ಮೇಡಂ," ಅಂದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳನ್ನು ಹಾಗೆ ಕರೆದದ್ದು. ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದಳು.