ಸೈಕಲ್ ಹತ್ತಿಸುವ ಮುಂಚಿನ ಪ್ರಶ್ನೆ

ಆಸ್ಪತ್ರೆಯಲ್ಲಿ ನಿಂತಲ್ಲೇ ಸೈಕಲ್ ತುಳಿಸಿ ಎದೆಬಡಿತ ನೋಡುವ ಪರೀಕ್ಷೆಗೆ ಬಂದವರ ಎದೆಗೂದಲು ಬೋಳಿಸುವುದು ಅವನ ಕೆಲಸವಾದ್ದರಿಂದ ಆ ಟೆಕ್ನಿಷಿಯನ್ನಿಗೆ ಬ್ಲೇಡಣ್ಣ ಅಂತಲೇ ಹೆಸರು ಬಿದ್ದಿತ್ತು. ಹದಿನಾರು ವರ್ಷದಲ್ಲಿ ಒಬ್ಬರಿಗೂ ಗೀರು ಬಿದ್ದಿರಲಿಲ್ಲ. ಅವತ್ತು ಬಿತ್ತು, ಒಂದಲ್ಲ, ಮೂರು.

ಅಂಗಿ ಬಿಚ್ಚಿ ಕೂತಿದ್ದವನು ಅವನ ತಂಗಿಯ ಗಂಡ, ಫೈರ್ ಇಂಜಿನ್ ಡ್ರೈವರ್. ವರ್ಷಕ್ಕೊಮ್ಮೆ ಈ ಸೈಕಲ್ ತುಳಿದು ಪಾಸಾದರೆ ಕೆಲಸ, ಇಲ್ಲದಿದ್ದರೆ ಮನೆ. ಹಿಂದಿನ ದಿನ ತಂಗಿ ಅಣ್ಣನ ಮನೆಗೆ ಬಂದಿದ್ದಳು. ತುಟಿ ಹರಿದಿತ್ತು, ಉದುರಿದ ಮುಂದಿನ ಹಲ್ಲು ಕರ್ಚೀಫಿನಲ್ಲಿತ್ತು.

"ನಾಳೆ ಅವರು ಪಾಸಾಗ್ಲಿ ಅಣ್ಣ, ಅಷ್ಟು ನೋಡ್ಕೋ ಸಾಕು," ಎಂದಳು.

"ಹಾಳಾಗಿ ಹೋಗ್ಲಿ ಬಿಡು ಅವನು," ಎಂದು ಅಣ್ಣ ಹಾರಾಡಿದ. ಯಾಕೆ ಪಾಸಾಗಬೇಕು ಎಂದು ಕೇಳುವ ತಾಳ್ಮೆ ಆ ಹೊತ್ತಿನಲ್ಲಿ ಅವನಿಗೆಲ್ಲಿತ್ತು?

"ಏನ್ ಭಾವ, ಕೈ ನಡುಗ್ತಿದೆ?" ಎದೆಯ ಗೀರು ನೋಡಿ ಡ್ರೈವರ್ ನಕ್ಕ. "ನನ್ನ ಕಂಡ್ರೆ ನಿಮ್ಮ ಮನೆಯವ್ರೆಲ್ಲ ನಡುಗ್ತೀರಪ್ಪ."

ಬ್ಲೇಡಣ್ಣ ಎರಡು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದ. ಸ್ಪಿರಿಟ್ ಹತ್ತಿಯನ್ನು ಗೀರುಗಳ ಮೇಲೇ ಉಜ್ಜಿದ. ಡ್ರೈವರ್ ಹಲ್ಲು ಕಚ್ಚಿದಾಗ ಬ್ಲೇಡಣ್ಣನ ಹೊಟ್ಟೆ ತಣ್ಣಗಾಯಿತು. ಎದೆಗೆ ಸ್ಟಿಕ್ಕರ್ ಅಂಟಿಸಿ ವೈರು ಸಿಕ್ಕಿಸಿದ, ಸೀಟನ್ನು ಸೊಂಟದ ಎತ್ತರಕ್ಕೆ ಏರಿಸಿದ, ತೋಳಿಗೆ ಬಿಪಿ ಪಟ್ಟಿ ಸುತ್ತಿದ. ಸೈಕಲ್ ಹತ್ತಿಸುವ ಮುಂಚೆ ಎಲ್ಲರನ್ನೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಬೆಳಿಗ್ಗೆ ಏನಾದರೂ ಮಾತ್ರೆ ನುಂಗಿದ್ದೀರಾ? ಮಾತು ಬಿಟ್ಟವನು ಪ್ರಶ್ನೆ ಹೇಗೆ ಕೇಳಿಯಾನು? ಫಾರಂನಲ್ಲಿ 'ಇಲ್ಲ' ಎಂದು ತಾನೇ ಗುರುತು ಹಾಕಿ, ಬೆರಳಿನಲ್ಲೇ ಸೈಕಲ್ ತೋರಿಸಿದ.

ಆರು ನಿಮಿಷ ತುಳಿಯಬೇಕು, ನಾಡಿ ನೂರೈವತ್ತು ದಾಟಬಾರದು. ಡ್ರೈವರ್ ಏದುಸಿರು ಬಿಡುತ್ತಿದ್ದ, ಬೆವರು ಧಾರಾಕಾರ ಇಳಿಯುತ್ತಿತ್ತು, ಆದರೂ ನಾಡಿ ತೊಂಬತ್ತಾರಕ್ಕೇ ಅಂಟಿಕೊಂಡಿತ್ತು. ಹೆಂಡತಿಯ ಹಲ್ಲು ಉದುರಿಸಿದವನಿಗೆ ದೇವರು ಇಷ್ಟು ಗಟ್ಟಿ ಗುಂಡಿಗೆ ಕೊಟ್ಟನೇ ಎಂದು ಬ್ಲೇಡಣ್ಣನಿಗೆ ಮೈಯೆಲ್ಲ ಉರಿಯಿತು. ನಿಯಮ ಮೀರಿ ಪೆಡಲಿನ ಭಾರ ಹೆಚ್ಚಿಸುವ ಗುಂಡಿ ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ.

"ಸಾಕು ಭಾವ, ಕಣ್ಣು ಕತ್ತಲೆ ಬರ್ತಿದೆ."

ನಾಡಿ ತೊಂಬತ್ತೆಂಟು. ಎಲ್ಲ ನಾಟಕ ಎಂದುಕೊಂಡು ಮತ್ತೂ ತಿರುಗಿಸಿದ.

ಡ್ರೈವರ್ ಮೂಟೆಯಂತೆ ಉರುಳಿದ. ಹಣೆ ಕೆಳಗಿನ ಕಬ್ಬಿಣಕ್ಕೆ ಬಡಿದು ಒಡೆಯಿತು, ತಿರುಗುತ್ತಿದ್ದ ಪೆಡಲು ಕಿವಿ ಸೀಳಿತು. ಎಚ್ಚರ ತಪ್ಪಿದವನ ಕಾಲೆತ್ತಿ ಹಿಡಿಯೋಣ ಎಂದು ಬ್ಲೇಡಣ್ಣ ಬಗ್ಗಿದ. ಹದಿನಾರು ವರ್ಷದ ಅಭ್ಯಾಸ. ಅಷ್ಟರಲ್ಲಿ ಎಚ್ಚರಗೊಂಡ ಡ್ರೈವರ್ ಅದೇ ಕಾಲಿನಿಂದ ಅವನ ಮೂತಿಗೆ ಒದ್ದ, ಎದ್ದು ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಬ್ಲೇಡಣ್ಣ ಆ ಒಡೆದ ಹಣೆಗೇ ಗುದ್ದಿದ. ಕುತ್ತಿಗೆಯ ಹಿಡಿತ ಸಡಿಲವಾದ ಮೇಲೂ ಗುದ್ದಿದ, ಕೆಳಗೆ ಬಿದ್ದವನ ಮೇಲೆ ಕೂತು ಗುದ್ದಿದ. ನಿಜ ಹೇಳಬೇಕೆಂದರೆ ಅವನಿಗದು ಹಿತವಾಗಿತ್ತು. ಡಾಕ್ಟರೂ ಇಬ್ಬರು ನರ್ಸುಗಳೂ ಬಂದು ಎಳೆಯಬೇಕಾಯಿತು.

ಡಾಕ್ಟರು ನಾಡಿಯ ಕಾಗದ ನೋಡಿದರು. "ಇವನು ಎದೆಬಡಿತ ಇಳಿಸೋ ಬಿಪಿ ಮಾತ್ರೆ ನುಂಗಿದಾನೆ ಕಣ್ರೀ. ಅದು ನುಂಗಿದ್ರೆ ನಾಡಿ ಏರೋದೇ ಇಲ್ಲ. ನೀವು ಕೇಳ್ಲಿಲ್ವಾ?" ಎಂದವರು ಉತ್ತರಕ್ಕೆ ಕಾಯದೆ ಫಾರಂ ಮೇಲೆ 'ಅನರ್ಹ' ಎಂದು ಬರೆದರು.

ತಂಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬ್ಲೇಡಣ್ಣ ಬಾಯಿಯ ರಕ್ತ ಒರೆಸಿಕೊಂಡು ಗೆದ್ದವನ ಹಾಗೆ ಹೇಳಿದ: "ಅವನ ಕೆಲಸ ಹೋಯ್ತು. ಕಳ್ಳ, ಮಾತ್ರೆ ನುಂಗಿ ಬಂದಿದ್ದ."

"ನಾನೇ ಕೊಟ್ಟೆ ಅಣ್ಣ. ನನ್ನ ಬಿಪಿ ಮಾತ್ರೆ."

"ಅಂಥವನ ಕೆಲಸ ಉಳಿಸೋಕಾ?"

"ಡ್ಯೂಟಿ ಇದ್ರೆ ದಿನಕ್ಕೆ ಹನ್ನೆರಡು ಗಂಟೆ ಹೊರಗಿರ್ತಿದ್ರು. ಇನ್ಮೇಲೆ ಇಪ್ಪತ್ನಾಲ್ಕು ಗಂಟೆನೂ ಮನೇಲೇ ಇರ್ತಾರೆ."

ಒಳಗಿನಿಂದ ಡ್ರೈವರ್ ಹೆಂಡತಿಯನ್ನು ಕೂಗಿದ. ಅವಳು ಎದ್ದಳು. ಹೋಗಬೇಡ, ನಮ್ಮನೆಗೆ ಬಾ ಎನ್ನಲು ಅಣ್ಣ ಕೈ ಚಾಚಿದ. ಆ ರಕ್ತದ ಕೈ ಹತ್ತಿರ ಬಂದದ್ದೇ ತಡ, ತಂಗಿ ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು.