ನಿಲ್ಲಿಸಿದರೂ ನಿಲ್ಲದ ಹದಿನಾರು

ಟೆಸ್ಟ್‌ಗಳೆಲ್ಲ ಪಾಸಾದ ಕೋಡನ್ನು ಮಧ್ಯಾಹ್ನ ಹನ್ನೆರಡರೊಳಗೆ ಕಳಿಸಬೇಕು, ಇಲ್ಲದಿದ್ದರೆ ನನ್ನ ಒಂದು ತಿಂಗಳ ಟ್ರಯಲ್ ಅಲ್ಲಿಗೇ ಮುಗಿಯಿತು ಎಂದು ಶಿರಸಿಯ ಸಾಫ್ಟ್‌ವೇರ್ ಕಂಪನಿಯ ರೋಹಿಣಿ ಮೇಡಂ ಹೇಳಿದ್ದರು. ಇದಕ್ಕೂ ಮೊದಲು ಎರಡು ಕಡೆ ನನ್ನನ್ನು ಟ್ರಯಲ್‌ನಲ್ಲೇ ಕೈಬಿಟ್ಟಿದ್ದರು. ಮೂರನೆಯದೂ ಹೋದರೆ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ಗಂಟೆ ಆಗಲೇ ಹನ್ನೊಂದು ಹತ್ತು.

ನಾನು ಕೂತಿದ್ದು ಯಲ್ಲಾಪುರದಲ್ಲಿ, ಅಬ್ಬಾನ ಲಾರಿ ಆಫೀಸಿನಲ್ಲಿ; ಮನೆಗಿಂತ ಅಲ್ಲಿ ನೆಟ್ ವಾಸಿ. ನನ್ನದು ಬಸ್ಸಿನ ವೇಳಾಪಟ್ಟಿ ಹೊಂದಿಸುವ ಪೈಥಾನ್ ಪ್ರೋಗ್ರಾಂ. ಕೆಲಸ ಬೇಗ ಆಗಲೆಂದು ಅದು ತನ್ನ ಕೈಕೆಳಗೆ ನಾಲ್ಕು ಪ್ರೋಸೆಸ್‌ಗಳನ್ನು ಹುಟ್ಟಿಸಿ ಕೆಲಸ ಹಂಚುತ್ತದೆ. ಕೋಡ್ ಬರೆಯುವ ಎಡಿಟರಿನಲ್ಲೇ ಮೂವತ್ತೆಂಟು ಟೆಸ್ಟ್‌ಗಳನ್ನು ಓಡಿಸಿದೆ, ಏಳನೆಯದಕ್ಕೆ ಬಂದು ಸಿಕ್ಕಿಕೊಂಡಿತು. ಸ್ಟಾಪ್ ಬಟನ್ ಒತ್ತಿದೆ, ನಿಂತಿತೆಂದು ತೋರಿಸಿತು. ಒಂದು ಸಾಲಿನಲ್ಲಿ ನನ್ನದೇ ತಪ್ಪು ಕಂಡಿತು. ತಿದ್ದಿ ಮತ್ತೆ ಓಡಿಸಿದರೆ ಈ ಸಲ ಒಂದನೆಯದಕ್ಕೇ ಗಪ್‌ಚಿಪ್! ಮತ್ತೆ ಸ್ಟಾಪ್, ಮತ್ತೆ ಓಡಿಸು. ಮೊದಲನೆಯದೂ ಸೇರಿ ನಾಲ್ಕು ಸಲ ಆಯಿತು. ಲ್ಯಾಪ್‌ಟಾಪಿನ ಫ್ಯಾನ್ ಬೊಬ್ಬೆ ಹೊಡೆಯತೊಡಗಿತು. ಆಫ್ ಮಾಡೋಣವೆಂದರೆ ಆ ಹಳೇ ಡಬ್ಬಿ ಮತ್ತೆ ಆನ್ ಆಗುವುದು ಅದರ ಮರ್ಜಿ. ಹೋದ ವಾರ ಅರ್ಧ ದಿನ ಸತಾಯಿಸಿತ್ತು. ಸಿಟ್ಟಿಗೆ ಮೇಜು ಗುದ್ದಿದೆ.

"ಅರ್ಷಿಯಾ, ಎಂತ ಆಯ್ತು ಮಗಾ?" ಎಂದರು ಅಬ್ಬಾ, ಫೋನನ್ನು ಕಿವಿಗಿಟ್ಟುಕೊಂಡೇ.

"ನಿಲ್ಲು ಅಂದ್ರೆ ನಿಲ್ಲೋದಿಲ್ಲ, ದರಿದ್ರದ್ದು!"

ಅವರಿಗೆ ಅವರದೇ ಗಡಿಬಿಡಿ. ಅರಬೈಲ್ ಘಟ್ಟದಲ್ಲಿ ಟ್ಯಾಂಕರ್ ಒಂದು ರಸ್ತೆಗೆ ಅಡ್ಡ ಬಿದ್ದಿತ್ತು, ನಮ್ಮ ಐದು ಲಾರಿಗಳು ಅತ್ತ ಕಡೆಗೇ ಹೊರಟಿದ್ದವು. ಎಲ್ಲಕ್ಕಿಂತ ಮುಂದಿದ್ದ ಡ್ರೈವರ್ ತಾರಿಕ್‌ಗೆ ನಿಲ್ಲಲು ಹೇಳಿದರು. ಆಮೇಲೆ ಅತೀಕ್‌ಗೆ. ಆಮೇಲೆ ಮೂರನೆಯವನಿಗೆ. ಪ್ರತಿಯೊಬ್ಬನಿಗೂ ಅದೇ ಮಾತು, ಅಷ್ಟೇ ಗಟ್ಟಿಯಾಗಿ. ನನಗೆ ತಲೆ ಚಿಟ್ಟು ಹಿಡಿಯಿತು.

"ತಾರಿಕ್‌ಗೆ ಹೇಳಿ ಆಯ್ತಲ್ಲ ಅಬ್ಬಾ! ಇನ್ನೆಷ್ಟು ಕೂಗ್ತೀರಿ?"

"ತಾರಿಕ್ ನಿಂತ್ರೆ ಉಳಿದವ್ರು ನಿಲ್ತಾರಾ? ಅವ್ನು ಚಾ ಕುಡೀತಿದಾನೆ ಅಂದ್ಕೊಂಡು ದಾಟಿ ಹೋಗ್ತಾರೆ. ಒಬ್ಬೊಬ್ಬನಿಗೂ ಹೇಳಿಯೇ ನಿಲ್ಲಿಸ್ಬೇಕು," ಎಂದು ನಾಲ್ಕನೆಯವನ ನಂಬರ್ ಒತ್ತಿದರು.

ಅಯ್ಯೋ ನನ್ನ ಬುದ್ಧಿಯೇ! ಸ್ಟಾಪ್ ಬಟನ್ ನಿಲ್ಲಿಸಿದ್ದು ಮುಖ್ಯ ಪ್ರೋಸೆಸ್ ಒಂದನ್ನೇ, ಅದರ ಕೈಕೆಳಗಿನವನ್ನಲ್ಲ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು ಏನೇನು ಓಡುತ್ತಿದೆ ಎಂದು ಪಟ್ಟಿ ನೋಡಿದೆ. ನಾಲ್ಕು ಸಲ ಹುಟ್ಟಿದ ನಾಲ್ಕು ನಾಲ್ಕು, ಒಟ್ಟು ಹದಿನಾರು, ಒಂದೂ ಸತ್ತಿರಲಿಲ್ಲ! ಕೇಳುವವರಿಲ್ಲದೆ ಎಲ್ಲವೂ ಒಂದೇ ಡೇಟಾ ಫೈಲಿಗೆ ಜೋತುಬಿದ್ದು ಕೂತಿದ್ದವು. ಹೊಸ ಟೆಸ್ಟ್‌ಗೆ ಆ ಫೈಲ್ ಸಿಗುವುದಾದರೂ ಹೇಗೆ? ಪಟ್ಟಿಯಲ್ಲಿ ಎಡಿಟರಿನದೇ ಪೈಥಾನ್ ಪ್ರೋಸೆಸ್ ಒಂದೂ ಇತ್ತು; ಅದನ್ನು ಮುಟ್ಟದೆ, ನಿಲ್ಲಿಸುವ ಆಜ್ಞೆಗೆ ಹದಿನಾರರ ನಂಬರನ್ನೂ ಒಂದೊಂದಾಗಿ ಕೊಟ್ಟು ಮುಗಿಸಿದೆ.

ಫ್ಯಾನ್ ತಣ್ಣಗಾಯಿತು. ಮತ್ತೆ ಓಡಿಸಿದೆ. ಮೂವತ್ತೆಂಟು ಟೆಸ್ಟ್‌ಗಳೂ ಒಂದರ ಹಿಂದೊಂದು ಹಸಿರಾದವು. ಎಲ್ಲಿ ಸಿಕ್ಕಿಕೊಂಡಿತ್ತು, ಹೇಗೆ ಬಿಡಿಸಿದೆ ಎಂದು ನಾಲ್ಕು ಸಾಲು ಬರೆದು, ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಕಳಿಸಿದೆ.

ಕಾಲು ಗಂಟೆಯಲ್ಲಿ ರೋಹಿಣಿ ಮೇಡಂ ಫೋನ್ ಬಂತು.

"ಅರ್ಷಿಯಾ, ಎಂತ ಮಾರಾಯ್ತಿ ನೀನು! ಇಲ್ಲಿ ನಮ್ಮ ಭರತ್ ಬೆಳಿಗ್ಗಿಂದ ಹೀಗೇ ಸಿಕ್ಹಾಕ್ಕೊಂಡು ಕೂತಿದ್ದ. ನೀ ಬರೆದ ಹಾಗೆ ಮಾಡಿದ, ಐದು ನಿಮಿಷದಲ್ಲಿ ಸರಿ ಆತು. ಇನ್ನೆಂತ ಟ್ರಯಲ್ಲು? ಸೋಮವಾರದಿಂದ ನೀ ನಮ್ಮವಳೇ."

ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ. ಫೋನ್ ಇಟ್ಟವಳೇ ಮೇಜಿಗೆ ತಲೆ ಕೊಟ್ಟು ಹೋ ಎಂದು ಅತ್ತೆ. ಅಬ್ಬಾ ಕುರ್ಚಿ ಬೀಳಿಸಿಕೊಂಡು ಓಡಿ ಬಂದರು.

"ಬೇಡ ಅಂದ್ರಾ? ಹಾಳಾಗಿ ಹೋಗ್ಲಿ ಆ ಕಂಪನಿ! ಅವ್ರಿಗೆಂತ ಗೊತ್ತು ನನ್ನ ಮಗಳ ಬೆಲೆ? ಅಳ್ಬೇಡ ಮಗಾ, ನೀರು ಕುಡಿ," ಎಂದು ಲೋಟ ಹಿಡಿದರು.

"ಸಿಕ್ತು ಅಬ್ಬಾ," ಎಂದೆ ಬಿಕ್ಕುತ್ತಲೇ. "ಕೆಲಸ ಸಿಕ್ತು!"

ಅಬ್ಬಾ ನನ್ನನ್ನೇ ನೋಡಿದರು. ಲೋಟದ ನೀರನ್ನು ತಾವೇ ಗಟಗಟ ಕುಡಿದರು.

"ಸಿಕ್ಕಿದ್ದಕ್ಕೆ ಹೀಗೆ ಅಳ್ತಾರೇನೇ? ನನ್ನ ಜೀವವೇ ಹೋಗಿತ್ತಲ್ಲ!"